ಕಂಬದ ತುದಿಯ ಗೆರೆ

ಕಾರ್ತಿಕ ಕಳೆಯುತ್ತಿದ್ದಂತೆ ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ರಾಗಿ ಹೊಲಗಳಿಗೆ ಕುಡುಗೋಲಿನ ಜೊತೆ ಅಳತೆ ಟೇಪು, ನಾಲ್ಕು ಗೂಟ, ಹಗ್ಗ, ತಕ್ಕಡಿ, ಮೊಬೈಲ್ ಫೋನೂ ಇಳಿಯುತ್ತವೆ. ಬರುವವರು ಗ್ರಾಮ ಆಡಳಿತಾಧಿಕಾರಿ ಇರಬಹುದು, ಕೃಷಿ ಇಲಾಖೆಯ ಸಹಾಯಕರಿರಬಹುದು, ಪಂಚಾಯಿತಿ ಸಿಬ್ಬಂದಿ ಇರಬಹುದು. ಯಾವ ಸರ್ವೆ ನಂಬರಿನ ಹೊಲ ಎಂಬುದು ಯಾದೃಚ್ಛಿಕ ಸಂಖ್ಯೆಗಳಿಂದ ಮೊದಲೇ ಗೊತ್ತಾಗಿರುತ್ತದೆ. ಹೊಲದ ನೈಋತ್ಯ ಮೂಲೆಯಲ್ಲಿ ನಿಂತು ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ ಎಂದು ನಡೆದು, ಮುಟ್ಟಿದ ಜಾಗದಲ್ಲಿ ಗೂಟ ನೆಟ್ಟು ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಕಟ್ಟುತ್ತಾರೆ. ಆ ಚೌಕದೊಳಗಿನ ತೆನೆ ಮಾತ್ರ ಕೊಯ್ದು, ಬಡಿದು, ತೂರಿ, ತೂಕ ಹಾಕಿ, ಲೆಕ್ಕವನ್ನು ಮೊಬೈಲಿಗೆ ಏರಿಸುತ್ತಾರೆ. ಇದಕ್ಕೆ ಬೆಳೆ ಕಟಾವು ಪ್ರಯೋಗ ಎಂದು ಹೆಸರು. ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಇದರ ಉಸ್ತುವಾರಿ ನೋಡುತ್ತದೆ.

2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಯಲ್ಲಿ ಕನಿಷ್ಠ ಇಂಥ ನಾಲ್ಕು ಪ್ರಯೋಗ ಸಾಕು. ನಾಲ್ಕು ಚೌಕ ಸೇರಿದರೆ ನೂರು ಚದರ ಮೀಟರ್. ಒಂದು ಗುಂಟೆಗಿಂತ ಚೂರೇ ಚೂರು ಕಡಿಮೆ, ಹೆಚ್ಚುಕಡಿಮೆ ಒಂದು ಗುಂಟೆ ಎನ್ನಿ. ಆ ಒಂದು ಗುಂಟೆಯ ರಾಗಿ ಪಂಚಾಯಿತಿಯ ಅಷ್ಟೂ ಹಳ್ಳಿಗಳ ರಾಗಿಯ ಪರವಾಗಿ ಸಾಕ್ಷಿ ಹೇಳಬೇಕು. ಸಾಕ್ಷಿ ಕೊನೆಗೆ ಒಂದೇ ಅಂಕಿಯಾಗುತ್ತದೆ. ಅದೇ ಅಂಕಿ ಬಾರ್ ಚಾರ್ಟಿನ ಒಂದು ಕಂಬವಾಗಿ ಸಭೆಯ ಪರದೆಯ ಮೇಲೆ ನಿಲ್ಲುತ್ತದೆ. ಕಂಬದ ತುದಿ ಚಾಕುವಿನಲ್ಲಿ ಕುಯ್ದಂತೆ ಚಪ್ಪಟೆ. ಅದನ್ನು ನೋಡಿದವರಿಗೆ ಇಳುವರಿ ಇಷ್ಟೇ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ ಎನಿಸುತ್ತದೆ. ಅಂಥ ನಿಖರತೆ ಆ ನಾಲ್ಕು ಚೌಕಗಳಲ್ಲಿ ಇರಲೇ ಇಲ್ಲ. ಎಷ್ಟು ಇರಲಿಲ್ಲ ಎಂದು ಹೇಳುವುದೇ ಆ ತುದಿಯಲ್ಲಿ ಇರಬೇಕಾಗಿದ್ದ, ಇಲ್ಲದಿರುವ ಸಣ್ಣ ನಿಲುಗೆರೆಯ ಕೆಲಸ. ಅದನ್ನು ಎರರ್ ಬಾರ್ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಅದನ್ನು ಎಳೆಯಲು ಒಂದು ಸಾಲಿನ ಕೋಡ್ ಸಾಕು. ಆ ಸಾಲಿನಲ್ಲಿ ಯಾವ ಸಂಖ್ಯೆ ತುಂಬಬೇಕು ಎಂಬುದರಲ್ಲೇ ಎಲ್ಲ ತಕರಾರು.

ಒಂದೇ ಪಂಚಾಯಿತಿಯ ರಾಗಿ ಹೊಲಗಳು ಒಂದರಂತೆ ಒಂದಿರುವುದಿಲ್ಲ ಎನ್ನಲು ಸಂಖ್ಯಾಶಾಸ್ತ್ರ ಬೇಕಿಲ್ಲ, ಬದುವಿನ ಮೇಲೆ ನಡೆದರೆ ಸಾಕು. ದಿಣ್ಣೆಯ ಕೆಮ್ಮಣ್ಣು ಹೊಲದಲ್ಲಿ ಪೈರು ಮೊಣಕಾಲಿಗೆ ನಿಂತಿದ್ದರೆ, ಕೆರೆಯ ಕೆಳಗಿನ ತಗ್ಗಿನಲ್ಲಿ ಸೊಂಟಕ್ಕೆ ಬಂದಿರುತ್ತದೆ. ಪಕ್ಕದಲ್ಲಿ ನೀಲಗಿರಿ ತೋಪಿದ್ದರೆ ಆ ಅಂಚಿನ ಹತ್ತಾರು ಸಾಲು ಸೊರಗಿರುತ್ತವೆ. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದರೂ ಹಳೆಯ ಬೊಡ್ಡೆಗಳು ಈ ಸೀಮೆಯಲ್ಲಿ ಚಿಗುರುತ್ತಲೇ ಇವೆ. ಇನ್ನು ಅಕ್ಕಡಿ ಸಾಲು. ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಇಟ್ಟ ಸಾಲು ಚೌಕದೊಳಗೆ ಎರಡು ಬಿದ್ದರೆ ರಾಗಿಯ ತೂಕ ಇಳಿಯುತ್ತದೆ. ರೈತನಿಗೇನೂ ನಷ್ಟವಿಲ್ಲ, ಅವನಿಗೆ ಅವರೆಕಾಯಿ ಸಿಕ್ಕಿದೆ. ಲೆಕ್ಕದ ಹಾಳೆಗೆ ಮಾತ್ರ ಅದು ಕಾಣುವುದಿಲ್ಲ. ಹಗ್ಗ ಎಲ್ಲಿ ಬೀಳುತ್ತದೆ ಎಂಬ ಅದೃಷ್ಟದ ಮೇಲೆ ತೂಕ ಏರುಪೇರಾಗುತ್ತದೆ ಎಂದಾಯಿತು.

ಲೆಕ್ಕ ಮಾಡಿ ನೋಡೋಣ. ಕೆಳಗಿನ ತೂಕಗಳು ನಾನು ವಿವರಣೆಗೆಂದು ಕಲ್ಪಿಸಿಕೊಂಡವು, ಯಾವ ಪಂಚಾಯಿತಿಯವೂ ಅಲ್ಲ. ನಾಲ್ಕು ಚೌಕಗಳಲ್ಲಿ ಒಣಗಿದ ಕಾಳು ಕ್ರಮವಾಗಿ 3.2, 5.1, 4.0, 5.7 ಕಿಲೋ ಬಂತೆನ್ನಿ. ಒಟ್ಟು 18, ಸರಾಸರಿ 4.5 ಕಿಲೋ. 25 ಚದರ ಮೀಟರಿಗೆ 4.5 ಕಿಲೋ ಎಂದರೆ ಹೆಕ್ಟೇರಿಗೆ 1,800 ಕಿಲೋ, ನಮ್ಮ ಮಾತಿನಲ್ಲಿ ಎಕರೆಗೆ ಏಳೂಕಾಲು ಕ್ವಿಂಟಲ್. ಸಾಮಾನ್ಯವಾಗಿ ವರದಿ ಇಲ್ಲಿಗೆ ಮುಗಿಯುತ್ತದೆ.

ಮುಂದಕ್ಕೆ ಹೋದರೆ ಮೊದಲು ಸಿಗುವುದು ಓದುವ ಕಾಲದಲ್ಲಿ ಹಲವರು ಒಮ್ಮೆ ಮಾಡಿ ಮರೆತ ಮಾನಕ ವಿಚಲನೆ. ಪ್ರತಿ ತೂಕವೂ ಸರಾಸರಿಯಿಂದ ಎಷ್ಟು ದೂರವಿದೆ ಎಂಬುದನ್ನು ವರ್ಗ ಮಾಡಿ ಕೂಡಿದರೆ 3.74. ಅದನ್ನು ಮೂರರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 1.12 ಕಿಲೋ. ನಾಲ್ಕು ತೂಕಗಳಿದ್ದರೂ ಮೂರರಿಂದಲೇ ಭಾಗಿಸುವುದಕ್ಕೆ ಕಾರಣವಿದೆ. ಸರಾಸರಿಯನ್ನು ಅದೇ ನಾಲ್ಕರಿಂದ ಕಂಡುಕೊಂಡದ್ದರಿಂದ ದೂರಗಳು ಇರಬೇಕಾದುದಕ್ಕಿಂತ ಚಿಕ್ಕದಾಗಿ ಕಾಣುತ್ತವೆ, ಒಂದನ್ನು ಕಳೆದು ಭಾಗಿಸಿದರೆ ಆ ಕೊರತೆ ತುಂಬುತ್ತದೆ. ಈ 1.12 ಹೊಲ ಹೊಲಕ್ಕೂ ಇರುವ ವ್ಯತ್ಯಾಸವನ್ನು ಹೇಳುತ್ತದೆ. ಚೌಕಗಳನ್ನು ನಾಲ್ಕರ ಬದಲು ನಾನೂರು ಮಾಡಿದರೂ ಅದು ಕುಗ್ಗುವುದಿಲ್ಲ, ಏಕೆಂದರೆ ಹೊಲಗಳು ನಿಜವಾಗಿಯೂ ಬೇರೆ ಬೇರೆ.

ಪಂಚಾಯಿತಿಗೆ ಬೇಕಾದ ಪ್ರಶ್ನೆ ಅದಲ್ಲ. ಬೇರೆ ನಾಲ್ಕು ಹೊಲಗಳಿಗೆ ಚೀಟಿ ಎದ್ದಿದ್ದರೆ ಸರಾಸರಿ ಎಷ್ಟು ಅತ್ತಿತ್ತ ಆಗುತ್ತಿತ್ತು? ಇದಕ್ಕೆ ಉತ್ತರ ಸ್ಟ್ಯಾಂಡರ್ಡ್ ಎರರ್. 1.12ನ್ನು ನಾಲ್ಕರ ವರ್ಗಮೂಲದಿಂದ ಭಾಗಿಸಿದರೆ 0.56 ಕಿಲೋ. ಇದು ಪ್ರಯೋಗ ಹೆಚ್ಚಿದಂತೆ ಕುಗ್ಗುತ್ತದೆ, ಆದರೆ ಜಿಪುಣನಂತೆ: ಅರ್ಧವಾಗಬೇಕೆಂದರೆ ಚೌಕಗಳು ನಾಲ್ಕು ಪಟ್ಟಾಗಬೇಕು.

ಮೂರನೆಯದು ಶೇಕಡ 95ರ ಕಾನ್ಫಿಡೆನ್ಸ್ ಇಂಟರ್ವಲ್. ಹೀಗೆ ಮತ್ತೆ ಮತ್ತೆ ಮಾದರಿ ತೆಗೆದು ಗೆರೆ ಎಳೆಯುತ್ತಾ ಹೋದರೆ ನೂರಕ್ಕೆ ತೊಂಬತ್ತೈದು ಗೆರೆಗಳು ನಿಜವಾದ ಸರಾಸರಿಯನ್ನು ಒಳಗೆ ಹಿಡಿದಿರಬೇಕು, ಅಷ್ಟು ಉದ್ದದ ಗೆರೆ. ಪುಸ್ತಕದ ಅಭ್ಯಾಸದಂತೆ ಸ್ಟ್ಯಾಂಡರ್ಡ್ ಎರರನ್ನು 1.96ರಿಂದ ಗುಣಿಸಿದರೆ 1.09 ಬರುತ್ತದೆ. ಇಲ್ಲೇ ಎಡವುವುದು. 1.96 ಎಂಬುದು ಮಾದರಿ ದೊಡ್ಡದಿದ್ದಾಗ ಸಲ್ಲುವ ಸಂಖ್ಯೆ. ನಾಲ್ಕೇ ತೂಕಗಳಿಂದ ಕಂಡುಕೊಂಡ ವಿಚಲನೆಯೇ ನಂಬಿಕೆಗೆ ಅರ್ಹವಲ್ಲ, ಆ ಅಪನಂಬಿಕೆಗೂ ಗೆರೆಯಲ್ಲಿ ಜಾಗ ಬಿಡಬೇಕು. ಇದನ್ನು ಕಂಡುಹಿಡಿದವರು ವಿಲಿಯಂ ಗಾಸೆಟ್. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ, ಬಾರ್ಲಿಯ ಪರೀಕ್ಷೆ ನಿತ್ಯದ ಕಸುಬು, ಕೈಗೆ ಸಿಗುತ್ತಿದ್ದ ಮಾದರಿಗಳು ಬೆರಳೆಣಿಕೆಯವು. ನೌಕರರು ಸ್ವಂತ ಹೆಸರಿನಲ್ಲಿ ಪ್ರಕಟಿಸುವುದಕ್ಕೆ ಕಂಪನಿ ಒಪ್ಪದ ಕಾರಣ 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಬರೆದ ಲೇಖನದಿಂದ ಇಂದಿನ ಟಿ ಕೋಷ್ಟಕ ಹುಟ್ಟಿತು. ನಾಲ್ಕು ಮಾದರಿಗೆ ಆ ಕೋಷ್ಟಕ ಹೇಳುವ ಗುಣಕ 3.18. ಬಾರ್ಲಿಗೆ ಹೊಲಿದ ಅಂಗಿ ರಾಗಿಗೂ ಸರಿಯಾಗಿ ಕೂರುತ್ತದೆ: 0.56 ಗುಣಿಸು 3.18, ಅಂದರೆ 1.78 ಕಿಲೋ.

ಈಗ ಕಂಬದ ತುದಿಯಲ್ಲಿ ಗೆರೆ ಎಳೆದರೆ ಅದು 2.72ರಿಂದ 6.28ರವರೆಗೆ ಹೋಗುತ್ತದೆ. ಹೆಕ್ಟೇರಿಗೆ 1,090 ಕಿಲೋದಿಂದ 2,510 ಕಿಲೋ. ಎಕರೆ ಲೆಕ್ಕದಲ್ಲಿ ನಾಲ್ಕೂವರೆ ಕ್ವಿಂಟಲಿಗೂ ಕಡಿಮೆಯಿಂದ ಹತ್ತು ಕ್ವಿಂಟಲಿನ ಮೇಲಿನವರೆಗೆ. ಬರಗಾಲಕ್ಕೂ ಸುಗ್ಗಿಗೂ ಇರುವ ಅಂತರವೆಲ್ಲ ಆ ಒಂದು ಗೆರೆಯೊಳಗೇ ಬಂದುಬಿಟ್ಟಿತು.

ಇದು ಬರೀ ಚಿತ್ರದ ಮಾತಾಗಿದ್ದರೆ ಬಿಟ್ಟುಬಿಡಬಹುದಿತ್ತು. ಬೆಳೆ ವಿಮೆಯಲ್ಲಿ ಪ್ರತಿ ಘಟಕಕ್ಕೂ ಒಂದು ಮಿತಿ ಇಳುವರಿ ಇರುತ್ತದೆ. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿಯನ್ನು ಶೇ 70, 80 ಅಥವಾ 90ರ ಹೊಣೆ ಮಟ್ಟದಿಂದ ಗುಣಿಸಿ ಅದನ್ನು ನಿಗದಿ ಮಾಡುತ್ತಾರೆ. ಈ ವರ್ಷದ ಸರಾಸರಿ ಅದಕ್ಕಿಂತ ಎಷ್ಟು ಪಾಲು ಕಡಿಮೆಯೋ ವಿಮಾ ಮೊತ್ತದ ಅಷ್ಟು ಪಾಲು ಪರಿಹಾರ. ನಮ್ಮ ಕಲ್ಪನೆಯ ಪಂಚಾಯಿತಿಗೆ ಮಿತಿ ಹೆಕ್ಟೇರಿಗೆ 2,000 ಕಿಲೋ ಎಂದಿಟ್ಟುಕೊಳ್ಳಿ. 1,800 ಬಂದಿದೆ, ಶೇ 10 ಪರಿಹಾರ. ಆದರೆ ಗೆರೆಯ ಮೇಲ್ತುದಿಯಲ್ಲಿ ನಿಂತು ನೋಡಿದರೆ ಪರಿಹಾರ ಸೊನ್ನೆ, ಕೆಳತುದಿಯಲ್ಲಿ ನಿಂತರೆ ಶೇ 45ಕ್ಕೂ ಹೆಚ್ಚು. ನಾಲ್ಕು ಚೌಕಗಳು ಈ ಎರಡರಲ್ಲಿ ಯಾವುದನ್ನೂ ತಳ್ಳಿಹಾಕಲಾರವು. ಯೋಜನೆ ನಡೆಯಬೇಕಾದರೆ ಒಂದು ಅಂಕಿಯನ್ನು ಆರಿಸಿಕೊಳ್ಳಲೇಬೇಕು, ಸರಾಸರಿಗಿಂತ ನ್ಯಾಯವಾದ ಅಂಕಿ ಇನ್ನೊಂದಿಲ್ಲ, ಒಪ್ಪೋಣ. ನನ್ನ ತಕರಾರು ಅದರ ಅಕ್ಕಪಕ್ಕದ ಅಗಲವನ್ನು ಮುಚ್ಚಿಡುವುದಕ್ಕೆ. ಪಕ್ಕದ ಪಂಚಾಯಿತಿಗೆ ಪರಿಹಾರ ಬಂತು, ನಮಗೇಕಿಲ್ಲ ಎಂದು ಕೇಳುವ ರೈತನಿಗೆ ಕೊಡಬಹುದಾದ ಪ್ರಾಮಾಣಿಕ ಉತ್ತರದ ಅರ್ಧ ಆ ಅಗಲದಲ್ಲಿದೆ.

ಇನ್ನು ಕೋಡಿಗೆ ಬರೋಣ. ಪೈಥಾನ್ ಭಾಷೆಯಲ್ಲಿ ಚಾರ್ಟ್ ಬರೆಯಲು ಹೆಚ್ಚು ಬಳಕೆಯಲ್ಲಿರುವುದು ಮ್ಯಾಟ್‌ಪ್ಲಾಟ್‌ಲಿಬ್. ಜಾನ್ ಹಂಟರ್ ಎಂಬ ನರವಿಜ್ಞಾನಿ ಮೆದುಳಿನ ವಿದ್ಯುತ್ ಸಂಕೇತಗಳನ್ನು ನೋಡುವ ಅಗತ್ಯಕ್ಕಾಗಿ ಕಟ್ಟಿ 2003ರಲ್ಲಿ ಹೊರಬಿಟ್ಟದ್ದು ಅದು. ಅವರು 2012ರಲ್ಲಿ ತೀರಿಕೊಂಡರು. ಕಂಬ ಬರೆಯುವ ಬಾರ್ ಎಂಬ ಆದೇಶಕ್ಕೆ ವೈ, ಇ, ಆರ್, ಆರ್ ಎಂಬ ನಾಲ್ಕಕ್ಷರದ ಒಂದು ಆರ್ಗ್ಯುಮೆಂಟ್ ಇದೆ. ಅದಕ್ಕೆ 1.78 ಕೊಟ್ಟರೆ ಕಂಬದ ತುದಿಯಿಂದ ಮೇಲಕ್ಕೂ ಕೆಳಕ್ಕೂ ಅಷ್ಟುದ್ದದ ಗೆರೆ ಬೀಳುತ್ತದೆ. ಗೆರೆಯ ಎರಡೂ ಕೊನೆಗೆ ಅಡ್ಡ ಕಡ್ಡಿ ಬೇಕಿದ್ದರೆ ಕ್ಯಾಪ್‌ಸೈಜ್ ಎಂದು ಬೇರೆಯಾಗಿ ಕೇಳಬೇಕು, ಕೇಳದಿದ್ದರೆ ಅದರ ಅಳತೆ ಸೊನ್ನೆ. ಕೆಲಸ ಮುಗಿಯಿತು.

ಮುಗಿಯಿತು ಎನ್ನುವಷ್ಟರಲ್ಲಿ ಗುಂಡಿಗಳು ಶುರು. ವಿಚಲನೆಯನ್ನು ನಂಪೈ ಎಂಬ ಗ್ರಂಥಾಲಯದಿಂದ ತೆಗೆದರೆ ಅದು ಕೇಳದೆಯೇ ನಾಲ್ಕರಿಂದ ಭಾಗಿಸಿ 0.97 ಕೊಡುತ್ತದೆ, ಪಾಂಡಾಸ್‌ನಿಂದ ತೆಗೆದರೆ ಮೂರರಿಂದ ಭಾಗಿಸಿ 1.12 ಕೊಡುತ್ತದೆ. ಎರಡೂ ಒಂದೇ ಕಂಪ್ಯೂಟರಿನಲ್ಲಿ, ಒಂದೇ ಕಡತದಲ್ಲಿ, ಒಂದೇ ಹೆಸರಿನ ಆದೇಶದಿಂದ. ನೂರಾರು ಮಾದರಿಗಳಿದ್ದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ನಾಲ್ಕಿದ್ದಾಗ ಗೆರೆ ಶೇ 13ರಷ್ಟು ಮೋಟಾಗುತ್ತದೆ. ಡಿಡಿಒಎಫ್ ಎಂಬುದನ್ನು ಒಂದು ಎಂದು ಕೈಯಾರೆ ಬರೆದರೆ ಸರಿಹೋಗುತ್ತದೆ. ಸೀಬಾರ್ನ್ ಎಂಬ ಇನ್ನೊಂದು ಗ್ರಂಥಾಲಯ ನೀವು ಕೇಳದಿದ್ದರೂ ಗೆರೆ ಎಳೆದುಕೊಡುವಷ್ಟು ಉದಾರಿ. ಇದ್ದ ತೂಕಗಳನ್ನೇ ಸಾವಿರ ಸಲ ಮರುಆಯ್ಕೆ ಮಾಡಿ ಅದು ಶೇ 95ರ ಗೆರೆ ಕಂಡುಕೊಳ್ಳುತ್ತದೆ. ಬೂಟ್‌ಸ್ಟ್ರ್ಯಾಪ್ ಎಂಬ ಈ ವಿಧಾನ ಮಾದರಿ ದೊಡ್ಡದಿದ್ದಾಗ ಸೊಗಸಾಗಿ ಕೆಲಸ ಮಾಡುತ್ತದೆ. ನಾಲ್ಕೇ ತೂಕಗಳಿದ್ದಾಗ ಅದು ಎಳೆಯುವ ಗೆರೆ ಗಾಸೆಟ್ ಹೇಳಿದ ಉದ್ದದ ಅರ್ಧದ ಆಸುಪಾಸಿನಲ್ಲಿ ನಿಲ್ಲುತ್ತದೆ. ಚಿತ್ರ ಚೆನ್ನಾಗಿ ಕಾಣುತ್ತದೆ, ಅದೇ ಅಪಾಯ.

ಮತ್ತೊಂದು ಗುಂಡಿ, ಎರಡು ಭಾಷೆಗಳ ನಡುವೆ ಓಡಾಡುವವರು ಬೀಳುವಂಥದ್ದು. ಮ್ಯಾಟ್‌ಪ್ಲಾಟ್‌ಲಿಬ್ ಕೇಳುವುದು ಗೆರೆಯ ಉದ್ದವನ್ನು. ಆರ್ ಭಾಷೆಯ ಜಿಜಿಪ್ಲಾಟ್ ಕೇಳುವುದು ಗೆರೆ ಎಲ್ಲಿಂದ ಎಲ್ಲಿಯವರೆಗೆ ಎಂಬ ಎರಡು ತುದಿಗಳನ್ನು. ಒಂದಕ್ಕೆ ಕೊಡಬೇಕಾದುದನ್ನು ಇನ್ನೊಂದಕ್ಕೆ ಕೊಟ್ಟರೆ 4.5ರ ಕಂಬದ ಮೇಲೆ 6.28 ಎತ್ತರದ ಗೆರೆ ಏರಿ ಕೂರುತ್ತದೆ. ಇದು ಎದ್ದು ಕಾಣುವ ತಪ್ಪು, ಹಾಗಾಗಿ ಒಂದು ರೀತಿಯಲ್ಲಿ ವಾಸಿ. ಎದ್ದು ಕಾಣದ ತಪ್ಪು ಎಕ್ಸೆಲ್‌ನಲ್ಲಿದೆ, ಕಚೇರಿಗಳಲ್ಲಿ ಚಾರ್ಟ್ ಹುಟ್ಟುವುದು ಹೆಚ್ಚಾಗಿ ಅಲ್ಲೇ. ಚಾರ್ಟಿನ ಪಕ್ಕದ ಬಟನ್ ಒತ್ತಿ ಎರರ್ ಬಾರ್, ಅದರಲ್ಲಿ ಸ್ಟ್ಯಾಂಡರ್ಡ್ ಎರರ್ ಎಂದು ಆರಿಸಿದರೆ ಎಲ್ಲ ಕಂಬಗಳ ಮೇಲೂ ಒಂದೇ ಉದ್ದದ ಗೆರೆಗಳು ಶಿಸ್ತಾಗಿ ನಿಲ್ಲುತ್ತವೆ. ಎಕ್ಸೆಲ್‌ಗೆ ನಿಮ್ಮ ನಾಲ್ಕು ನಾಲ್ಕು ಚೌಕಗಳ ವಿಷಯ ಗೊತ್ತೇ ಇಲ್ಲ. ಅದು ಚಾರ್ಟಿನಲ್ಲಿರುವ ಕಂಬಗಳ ಎತ್ತರಗಳನ್ನೇ ಮಾದರಿಯೆಂದು ತಿಳಿದು, ದೇವನಹಳ್ಳಿ, ನೆಲಮಂಗಲ, ಹೊಸಕೋಟೆ, ದೊಡ್ಡಬಳ್ಳಾಪುರದ ನಾಲ್ಕು ಸರಾಸರಿಗಳ ನಡುವಿನ ವ್ಯತ್ಯಾಸದಿಂದ ಲೆಕ್ಕ ಹಾಕಿಬಿಟ್ಟಿದೆ. ಆ ಗೆರೆಗೆ ಯಾವ ತಾಲ್ಲೂಕಿನ ಹೊಲಕ್ಕೂ ಸಂಬಂಧವಿಲ್ಲ. ಎಲ್ಲ ಗೆರೆಗಳೂ ಸಮನಾಗಿದ್ದರೆ ಮೊದಲು ಅನುಮಾನ ಪಡಬೇಕು. ಸರಿಯಾದ ದಾರಿ ಎಂದರೆ ಕಸ್ಟಮ್ ಎಂಬಲ್ಲಿಗೆ ಹೋಗಿ, ತಾವೇ ಲೆಕ್ಕ ಮಾಡಿಟ್ಟ ಸಂಖ್ಯೆಗಳ ಕಾಲಮ್ಮನ್ನು ತೋರಿಸುವುದು.

ಕನ್ನಡದಲ್ಲಿ ಚಾರ್ಟ್ ಮಾಡುವವರಿಗೆ ಮೀಸಲಾದ ಗುಂಡಿಯೂ ಒಂದಿದೆ. ಪೈಥಾನಿನ ಮೂರನೆಯ ಆವೃತ್ತಿಯಿಂದ ಈಚೆಗೆ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಇಳುವರಿ = [3.2, 5.1, 4.0, 5.7] ಎಂದು ಬರೆದರೆ ಅದು ನಿಜವಾಗಿಯೂ ಓಡುತ್ತದೆ. ಆದರೆ ಒತ್ತಕ್ಷರ ಆಗದಂತೆ ತಡೆಯಲು ನಾವು ನಡುವೆ ಒತ್ತುವ ಕಾಣದ ಅಕ್ಷರ ಇರುವ ಪದವನ್ನು ಹೆಸರಾಗಿ ಇಟ್ಟರೆ ಪೈಥಾನ್ ಮುನಿಸಿಕೊಂಡು ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ತೊಡಕು ಚಾರ್ಟಿನ ಮೇಲಿನ ಬರಹದ್ದು. ಮ್ಯಾಟ್‌ಪ್ಲಾಟ್‌ಲಿಬ್ ಜೊತೆ ಬರುವ ಫಾಂಟಿನಲ್ಲಿ ಕನ್ನಡವಿಲ್ಲ, ಖಾಲಿ ಡಬ್ಬಿಗಳು ಬೀಳುತ್ತವೆ. ಕನ್ನಡ ಫಾಂಟ್ ಹಾಕಿಕೊಟ್ಟರೂ ಬಹುಕಾಲ ಬಳಕೆಯಲ್ಲಿರುವ ಆವೃತ್ತಿಗಳು ಒತ್ತು, ಗುಣಿತಗಳನ್ನು ಜೋಡಿಸುವುದಿಲ್ಲ. ಕ್ವಿಂಟಲ್ ಎಂಬುದರ ವ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಸುಲಭದ ಉಪಾಯವೆಂದರೆ, ಅಕ್ಷರಗಳನ್ನು ಆಕೃತಿಗಳಾಗಿ ಕೊರೆಯದೆ ಅಕ್ಷರಗಳಾಗಿಯೇ ಬಿಡು ಎಂದು ಸೂಚಿಸಿ ಚಿತ್ರವನ್ನು ಎಸ್‌ವಿಜಿ ಕಡತವಾಗಿ ಉಳಿಸುವುದು. ಅದನ್ನು ಬ್ರೌಸರಿನಲ್ಲಿ ತೆರೆದರೆ ಒತ್ತುಗಳೆಲ್ಲ ಬ್ರೌಸರಿನ ಜವಾಬ್ದಾರಿ. ಆಡಳಿತ ಭಾಷೆ ಕನ್ನಡವಾಗಿರುವ ರಾಜ್ಯದಲ್ಲಿ ಚಾರ್ಟುಗಳು ಮಾತ್ರ ಇಂಗ್ಲಿಷಿನಲ್ಲೇ ಉಳಿದಿರುವುದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ.

ಗೆರೆ ಸರಿಯಾಗಿ ಬಿತ್ತು ಎನ್ನೋಣ. ಓದುವವರು ಸರಿಯಾಗಿ ಓದುತ್ತಾರೆಯೇ? ಸಂಶೋಧಕರೇ ಓದುವುದಿಲ್ಲ ಎಂದು 2005ರಲ್ಲಿ ಬೆಲಿಯಾ, ಫಿಡ್ಲರ್, ವಿಲಿಯಮ್ಸ್, ಕಮ್ಮಿಂಗ್ ಎಂಬ ನಾಲ್ವರು ತೋರಿಸಿದರು. ಪ್ರಕಟಿತ ಲೇಖನಗಳ ಕರ್ತೃಗಳಿಗೇ ಚಿತ್ರ ಕೊಟ್ಟು ಕೇಳಿದಾಗ, ಸ್ಟ್ಯಾಂಡರ್ಡ್ ಎರರಿನ ಗೆರೆಗೂ ಕಾನ್ಫಿಡೆನ್ಸ್ ಇಂಟರ್ವಲಿನ ಗೆರೆಗೂ ಅರ್ಥ ಬೇರೆ ಎಂಬುದನ್ನು ಹಲವರು ಗಮನಿಸಿರಲಿಲ್ಲ. ನೋಟಕ್ಕೆ ಮೂರೂ ಬಗೆಯ ಗೆರೆ ಒಂದೇ. ನಮ್ಮ ಉದಾಹರಣೆಯಲ್ಲಿ ವಿಚಲನೆಯ ಗೆರೆ 1.12, ಸ್ಟ್ಯಾಂಡರ್ಡ್ ಎರರಿನದು 0.56, ಇಂಟರ್ವಲಿನದು 1.78. ಚಿತ್ರದ ಕೆಳಗೆ ಯಾವುದು ಎಂದು ಬರೆಯದಿದ್ದರೆ ಗೆರೆ ಇದ್ದೂ ಇಲ್ಲದಂತೆ. ಬರೆಯದವರು ಸಾಮಾನ್ಯವಾಗಿ ಎಳೆದಿರುವುದು ಎಲ್ಲಕ್ಕಿಂತ ಮೋಟಾದದ್ದನ್ನು ಎಂಬುದು ನನ್ನ ಅನುಮಾನ.

ಕಂಬದ್ದೂ ಒಂದು ಮೋಸವಿದೆ. ಸರಾಸರಿಯನ್ನು ಕಂಬವಾಗಿ ತೋರಿಸಿದರೆ, ಕಂಬದ ಒಳಗೆ ಬರುವ ಬೆಲೆಗಳೇ ಹೊರಗಿನವಕ್ಕಿಂತ ಹೆಚ್ಚು ಸಂಭವ ಎಂದು ಜನ ಭಾವಿಸುತ್ತಾರೆ. ನ್ಯೂಮನ್ ಮತ್ತು ಶೋಲ್ ಇದನ್ನು 2012ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಸರಾಸರಿಗಿಂತ ಮೇಲಿನ 5.5ಕ್ಕೂ ಕೆಳಗಿನ 3.5ಕ್ಕೂ ಅಷ್ಟೇ ಅವಕಾಶವಿದ್ದರೂ ಬಣ್ಣ ತುಂಬಿದ ಕಡೆಗೆ ಕಣ್ಣು ವಾಲುತ್ತದೆ. ನಾಲ್ಕೇ ತೂಕಗಳಿದ್ದಾಗಲಂತೂ ಕಂಬವನ್ನೇ ಕೈಬಿಟ್ಟು ನಾಲ್ಕು ಚುಕ್ಕಿ ಇಟ್ಟು, ಪಕ್ಕದಲ್ಲಿ ಸರಾಸರಿ ಮತ್ತು ಗೆರೆ ಎಳೆಯುವುದು ಮೇಲು. ಹೊಲದ ರೈತನಿಗೂ ಅರ್ಥವಾಗುವುದು ಅದೇ ಚಿತ್ರ, ಏಕೆಂದರೆ ಅದರಲ್ಲೊಂದು ಚುಕ್ಕಿ ಅವನ ಹೊಲ.

ಗೆರೆಯ ಈ ಲೆಕ್ಕ ಈ ಸೀಮೆಗೆ ಹೊಸದೇನಲ್ಲ. ಬಳ್ಳಾರಿ ರಸ್ತೆಯ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡಿದ ಯಾರನ್ನಾದರೂ ಕೇಳಿ, ಎಸ್‌ಇಎಂ ಮತ್ತು ಸಿಡಿ ಎಂದರೆ ನಿದ್ದೆಯಲ್ಲೂ ಹೇಳುತ್ತಾರೆ. ಜಿಪಿಯು-28, ಎಂಎಲ್-365ನಂಥ ರಾಗಿ ತಳಿಗಳನ್ನು ಹೋಲಿಸುವ ಪ್ರಯೋಗದಲ್ಲಿ ಪ್ರತಿ ತಳಿಯನ್ನೂ ಮೂರು ನಾಲ್ಕು ತಾಕುಗಳಲ್ಲಿ ಪುನರಾವರ್ತಿಸಿ ಬೆಳೆದು, ಕೋಷ್ಟಕದ ಕೊನೆಯ ಎರಡು ಸಾಲುಗಳಲ್ಲಿ ಇವೆರಡನ್ನೂ ಬರೆಯುತ್ತಾರೆ. ಮೊದಲನೆಯದು ನಾವು ಆಗಲೇ ಕಂಡ, ಸರಾಸರಿಯ ಸ್ಟ್ಯಾಂಡರ್ಡ್ ಎರರ್. ಸಿಡಿ ಎಂದರೆ ಎರಡು ತಳಿಗಳ ಇಳುವರಿಯಲ್ಲಿ ಕನಿಷ್ಠ ಇಷ್ಟು ಅಂತರವಿದ್ದರೆ ಮಾತ್ರ ಅದನ್ನು ನಿಜವೆಂದು ನಂಬು ಎಂಬ ಅಳತೆ. ಸಿಡಿ 240 ಕಿಲೋ ಇದ್ದು ಎರಡು ತಳಿಗಳ ನಡುವೆ 170 ಕಿಲೋ ವ್ಯತ್ಯಾಸ ಬಂದರೆ, ಮೌಖಿಕ ಪರೀಕ್ಷೆಯಲ್ಲಿ ಎರಡೂ ಆನ್ ಪಾರ್ ಸಾರ್ ಎನ್ನಬೇಕು. ಮೊದಲನೆಯದು ಚೆನ್ನಾಗಿದೆ ಎಂದರೆ ಬೈಸಿಕೊಳ್ಳಬೇಕು. ಪಾನ್ಸೆ ಮತ್ತು ಸುಖಾತ್ಮೆ ಬರೆದ, ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1954ರಲ್ಲಿ ಪ್ರಕಟಿಸಿದ ಪಠ್ಯ ತಲೆಮಾರುಗಳಿಗೆ ಈ ಶಿಸ್ತು ಕಲಿಸಿತು. ಅದೇ ಕೋಷ್ಟಕ ಬಣ್ಣದ ಚಾರ್ಟಾಗಿ ಕೃಷಿ ಮೇಳದ ಫಲಕಕ್ಕೆ ಏರುವಾಗ ಕೊನೆಯ ಎರಡು ಸಾಲುಗಳು ಉದುರಿಹೋಗುತ್ತವೆ. ಉದುರಬೇಕಾಗಿಲ್ಲ. ಸಿಡಿಯ ಅರ್ಧವನ್ನು ಪ್ರತಿ ಕಂಬದ ಮೇಲಕ್ಕೂ ಕೆಳಕ್ಕೂ ಗೆರೆಯಾಗಿ ಕೊಟ್ಟರೆ, ಎರಡು ಗೆರೆಗಳು ಒಂದರ ಮಟ್ಟಕ್ಕೆ ಇನ್ನೊಂದು ತಾಗದಿದ್ದಾಗ ವ್ಯತ್ಯಾಸ ನಿಜ ಎಂದು ಯಾರು ಬೇಕಾದರೂ ಓದಬಹುದು. ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ, ಪ್ರಾತ್ಯಕ್ಷಿಕೆಯ ತಾಕನ್ನೂ ರೈತರ ವಾಡಿಕೆಯ ತಾಕನ್ನೂ ಎದುರುಬದುರು ತೋರಿಸುವ ಚಿತ್ರಗಳಿಗೆ ಇದು ಹೇಳಿಮಾಡಿಸಿದ ಕ್ರಮ.

ಹೊಲ ಬಿಟ್ಟು ಮನೆಗೆ ಬಂದರೆ ಪರಿಸ್ಥಿತಿ ಇನ್ನೂ ಸೂಕ್ಷ್ಮ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ, 2019ರ ಜುಲೈನಿಂದ ಡಿಸೆಂಬರ್‌ವರೆಗೆ, ಕರ್ನಾಟಕದ 30 ಜಿಲ್ಲೆಗಳಲ್ಲಿ 26,574 ಮನೆಗಳನ್ನು ಸಂದರ್ಶಿಸಿದರು. ಸರಾಸರಿ ತೆಗೆದರೆ ಜಿಲ್ಲೆಗೆ 886 ಮನೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ 2011ರ ಜನಗಣತಿ ಎಣಿಸಿದ ಜನ 9.9 ಲಕ್ಷ. ಗಣತಿ ಎಲ್ಲರನ್ನೂ ಎಣಿಸುವ ಕೆಲಸವಾದ್ದರಿಂದ ಅದರ ಚಾರ್ಟಿಗೆ ಮಾದರಿಯ ಗೆರೆ ಬೇಡ. ಸಮೀಕ್ಷೆಗೆ ಬೇಕು. ಅರ್ಧದಷ್ಟು ಮನೆಗಳಲ್ಲಿ ಇರುವ ಯಾವುದೋ ಲಕ್ಷಣವನ್ನು 886 ಮನೆಗಳಿಂದ ಅಂದಾಜಿಸಿದರೆ ಶೇ 3.3ರಷ್ಟು ಅತ್ತಿತ್ತ ಸಹಜ. ಅದೂ ಮನೆಗಳನ್ನು ಜಿಲ್ಲೆಯ ತುಂಬ ಬಿಡಿಬಿಡಿಯಾಗಿ ಆರಿಸಿದ್ದರೆ. ಸಮೀಕ್ಷೆಯವರು ಊರು ಅಥವಾ ಬಡಾವಣೆಯನ್ನು ಆರಿಸಿ ಅಲ್ಲಿ 22 ಮನೆ ಹೊಗುತ್ತಾರೆ. ಒಂದೇ ಊರಿನ ಮನೆಗಳಲ್ಲಿ ನೀರು, ಅಂಗನವಾಡಿ, ರಸ್ತೆ ಎಲ್ಲ ಒಂದೇ ಆದ್ದರಿಂದ 22 ಮನೆಗಳು 22 ಬೇರೆ ಬೇರೆ ಸಾಕ್ಷಿಗಳ ತೂಕ ಹೊರುವುದಿಲ್ಲ. ಗೆರೆ ನಾಲ್ಕು, ನಾಲ್ಕೂವರೆಗೆ ಬೆಳೆಯುವುದು ಸುಲಭ. ಎರಡು ಸುತ್ತುಗಳನ್ನು ಹೋಲಿಸುವಾಗ ಎರಡರ ಅನಿಶ್ಚಿತತೆಯೂ ಸೇರಿ ವ್ಯತ್ಯಾಸದ ಗೆರೆ ಸುಮಾರು ಆರಾಗುತ್ತದೆ. ಹಾಗಿರುವಾಗ ಜಿಲ್ಲೆಯಲ್ಲಿ ಶೇ 3ರಷ್ಟು ಸುಧಾರಣೆ ಎಂದು ಪತ್ರಿಕೆಗಳಲ್ಲಿ ಬರುವ ತಲೆಬರಹ ಹೊಗಳಿಕೆಗೂ ಅಲ್ಲ, ತೆಗಳಿಕೆಗೂ ಅಲ್ಲ.

ಸಮೀಕ್ಷೆಯವರು ಇದನ್ನು ಮುಚ್ಚಿಟ್ಟಿಲ್ಲ. ಜಿಲ್ಲಾ ಮಾಹಿತಿ ಪತ್ರದಲ್ಲಿ ಕೆಲವು ಅಂಕಿಗಳು ಕಂಸದೊಳಗೆ ಇರುತ್ತವೆ, ಆ ಅಂಕಿ 25ರಿಂದ 49 ಪ್ರಕರಣಗಳಿಂದ ಬಂದದ್ದು ಎಂದರ್ಥ. 25ಕ್ಕಿಂತ ಕಡಿಮೆಯಿದ್ದರೆ ಅಂಕಿಯ ಜಾಗದಲ್ಲಿ ನಕ್ಷತ್ರ ಮಾತ್ರ. ಅತಿಸಾರಕ್ಕೆ ತುತ್ತಾದ ಮಕ್ಕಳಿಗೆ ಏನು ಚಿಕಿತ್ಸೆ ಸಿಕ್ಕಿತು ಎಂಬಂಥ, ಕೆಲವೇ ಮಕ್ಕಳಿಗೆ ಅನ್ವಯಿಸುವ ಪ್ರಶ್ನೆಗಳಲ್ಲಿ ಇವು ಹೆಚ್ಚು. ಆ ಪತ್ರದಿಂದ ಅಂಕಿ ಎತ್ತಿ ಚಾರ್ಟ್ ಮಾಡುವವರ ಕೈಯಲ್ಲಿ ಮೊದಲು ಸಾಯುವುದು ಈ ಕಂಸಗಳೇ. ಅಂಥ ಚಿಕ್ಕ ಮಾದರಿಗೆ ಗೆರೆ ಎಳೆಯುವಾಗ ಮೇಲಕ್ಕೂ ಕೆಳಕ್ಕೂ ಒಂದೇ ಉದ್ದ ಇಟ್ಟರೆ ಅಸಂಬದ್ಧವಾಗುತ್ತದೆ. ನಲವತ್ತು ಮಕ್ಕಳಲ್ಲಿ ಒಂದು ಮಗು ಎಂದರೆ ಶೇ 2.5, ಸಾಮಾನ್ಯ ಸೂತ್ರ ಹಾಕಿದರೆ ಗೆರೆಯ ಕೆಳತುದಿ ಸೊನ್ನೆಗಿಂತ ಕೆಳಗೆ ಇಳಿದು, ಇಲ್ಲದ ಮಕ್ಕಳನ್ನು ತೋರಿಸುತ್ತದೆ. ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟ ಸೂತ್ರದಲ್ಲಿ ಅದೇ ಗೆರೆ ಶೇ 0.4ರಿಂದ 12.9ರವರೆಗೆ ಬರುತ್ತದೆ, ಕೆಳಗೆ ಮೋಟು, ಮೇಲೆ ಉದ್ದ. ಕೋಡಿನಲ್ಲಿ ಒಂದು ಸಂಖ್ಯೆಯ ಬದಲು ಕೆಳಗಿನ ಉದ್ದ, ಮೇಲಿನ ಉದ್ದ ಎಂದು ಎರಡು ಸಾಲು ಕೊಟ್ಟರಾಯಿತು.

ಗೆರೆಯನ್ನು ಎಷ್ಟು ಕುಗ್ಗಿಸಬಹುದು ಎಂಬುದಕ್ಕೂ ಒಂದು ನೆಲಗಟ್ಟಿದೆ. ಇರುವ ಮಾಹಿತಿಯಿಂದ ಯಾವ ಜಾಣ ಲೆಕ್ಕ ಮಾಡಿದರೂ, ಪಕ್ಷಪಾತವಿಲ್ಲದ ಅಂದಾಜಿನ ಏರುಪೇರು ಅದಕ್ಕಿಂತ ಕೆಳಗಿಳಿಯದು. 1945ರಲ್ಲಿ ಆ ನೆಲಗಟ್ಟನ್ನು ತೋರಿಸಿದವರು ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್. ಕ್ರಾಮರ್-ರಾವ್ ಮಿತಿ ಎಂದು ಲೋಕವೆಲ್ಲ ಕರೆಯುವ ಆ ಫಲಿತಾಂಶವೂ ಸೇರಿದಂತೆ ಅವರ ಕೆಲಸಕ್ಕೆ 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು, ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ಅವರ ಗುರು ಮಹಲನೋಬಿಸ್ ಬಂಗಾಳದ ಹೊಲಗಳಲ್ಲಿ ಚಿಕ್ಕ ಚಿಕ್ಕ ತುಂಡುಗಳನ್ನು ಕೊಯ್ಸಿ ಇಳುವರಿ ಅಂದಾಜಿಸುತ್ತಿದ್ದರು. ಚಿಕ್ಕ ತುಂಡಿನ ಅಂಚಿನ ಮೇಲೆ ನಿಂತ ಪೈರನ್ನು ಕೊಯ್ಯುವವರು ಒಳಗೇ ಸೇರಿಸಿಬಿಡುತ್ತಾರೆ, ಇಳುವರಿ ಉಬ್ಬುತ್ತದೆ ಎಂದು ವಾದಿಸಿ ಸುಖಾತ್ಮೆ ದೊಡ್ಡ ತುಂಡಿನ ಪರ ನಿಂತರು. ಈ ಜಗಳ ನನಗೆ ಇಷ್ಟ, ಏಕೆಂದರೆ ಎರರ್ ಬಾರ್ ಏನನ್ನು ಹೇಳಲಾರದು ಎಂಬುದು ಇದರಲ್ಲಿದೆ. ಹಗ್ಗ ಸಡಿಲವಾಗಿತ್ತು, ತೆನೆ ಹಸಿಯಾಗಿತ್ತು, ತಕ್ಕಡಿ ಒಂದು ಕಡೆ ವಾಲುತ್ತಿತ್ತು, ದೂರದ ಹೊಲಕ್ಕೆ ಹೋಗದೆ ರಸ್ತೆಬದಿಯ ಹೊಲವನ್ನೇ ಅಳೆದರು, ಇಂಥ ಯಾವುದೂ ಗೆರೆಯೊಳಗೆ ಬರುವುದಿಲ್ಲ. ಎಲ್ಲ ಚೌಕಗಳೂ ಒಂದೇ ಕಡೆಗೆ ತಪ್ಪಿದ್ದರೆ ಗೆರೆ ಚಿಕ್ಕದಾಗಿಯೇ ಇರುತ್ತದೆ, ಕಂಬ ಪೂರ್ತಿ ತಪ್ಪು ಎತ್ತರದಲ್ಲಿ ನಿಂತಿರುತ್ತದೆ.

ಮತ್ತೆ ಬೆಳೆ ವಿಮೆಗೆ ಬರೋಣ. ಹಿಂದಿನ ರಾಷ್ಟ್ರೀಯ ಕೃಷಿ ವಿಮೆಯ ಕಾಲದಲ್ಲಿ ಕರ್ನಾಟಕದಲ್ಲಿ ಸಾಮಾನ್ಯವಾಗಿ ಹೋಬಳಿಯೇ ವಿಮಾ ಘಟಕ. ಹೋಬಳಿಗೆ ಹತ್ತು ಚೌಕ. ವಿಚಲನೆ ನಮ್ಮ ಉದಾಹರಣೆಯಷ್ಟೇ ಎಂದುಕೊಂಡರೆ ಹತ್ತು ಚೌಕಗಳ ಗೆರೆ ಹೆಕ್ಟೇರಿಗೆ 320 ಕಿಲೋ, ಪಂಚಾಯಿತಿಯ ನಾಲ್ಕಕ್ಕೆ 710. ಹೋಬಳಿ ದೊಡ್ಡದಾದ್ದರಿಂದ ಅಲ್ಲಿ ವಿಚಲನೆಯೂ ಕೊಂಚ ಹೆಚ್ಚಿರುತ್ತದೆ, ಆದರೂ ಅಂತರ ಅಂತರವೇ. ಹೋಬಳಿಯ ಒಂದು ಮೂಲೆಯಲ್ಲಿ ಮಳೆ ಕೈಕೊಟ್ಟು ಇನ್ನೊಂದು ಮೂಲೆಯಲ್ಲಿ ಚೆನ್ನಾಗಿ ಬಂದರೆ ನಷ್ಟವಾದವರಿಗೆ ಅನ್ಯಾಯ ಎಂಬ ಸರಿಯಾದ ಕೂಗಿಗೆ ಓಗೊಟ್ಟು ಘಟಕವನ್ನು ಪಂಚಾಯಿತಿಗೆ ಇಳಿಸಿದರು. ಲೆಕ್ಕ ರೈತನ ಹೊಲಕ್ಕೆ ಹತ್ತಿರ ಬಂತು, ಅಷ್ಟೇ ಮಸುಕೂ ಆಯಿತು. ಹದಿನಾರು ಚೌಕ ಇಟ್ಟರೆ ಗೆರೆ 240ರ ಆಸುಪಾಸಿಗೆ ಇಳಿಯುತ್ತದೆ. ಕೊಯ್ಲಿನ ಹದಿನೈದಿಪ್ಪತ್ತು ದಿನಗಳೊಳಗೆ ಪ್ರತಿ ಪಂಚಾಯಿತಿಯಲ್ಲೂ ಪ್ರತಿ ಬೆಳೆಗೂ ಹದಿನಾರು ಕಡೆ ಗೂಟ ನೆಡಲು ಜನ ಎಲ್ಲಿಂದ ತರುವುದು?

ಹಾಗಾಗಿ ಕಣ್ಣು ಆಕಾಶದ ಕಡೆ ತಿರುಗಿದೆ. 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಯ ಇಳುವರಿಯಲ್ಲಿ ಕನಿಷ್ಠ ಶೇ 30ರ ಪಾಲನ್ನು ಉಪಗ್ರಹ ಮತ್ತಿತರ ತಂತ್ರಜ್ಞಾನದ ಅಂದಾಜಿಗೆ ಕೊಡುವ ವ್ಯವಸ್ಥೆ ಬಂತು. ರಾಗಿಗೆ ಇದನ್ನು ತರುವುದು ಭತ್ತದಷ್ಟು ಸಲೀಸಲ್ಲ. ಸೆಂಟಿನೆಲ್-2ರಂಥ ಉಪಗ್ರಹದ ಚಿತ್ರದಲ್ಲಿ ಅತಿ ಸಣ್ಣ ಚುಕ್ಕಿ ಎಂದರೆ ಹತ್ತು ಮೀಟರಿನ ಚೌಕ, ನಮ್ಮ ನಾಲ್ಕು ಕಟಾವು ಚೌಕಗಳನ್ನು ಒತ್ತಾಗಿ ಇಟ್ಟಷ್ಟು. ರಾಗಿ, ಅದರ ನಡುವಿನ ಅಕ್ಕಡಿ, ಬದು, ಬದುವಿನ ಮೇಲಿನ ಹೊಂಗೆ ಎಲ್ಲ ಸೇರಿ ಆ ಚುಕ್ಕಿಗೆ ಒಂದೇ ಬಣ್ಣ. ಯಾವ ಬಣ್ಣಕ್ಕೆ ಎಷ್ಟು ಕ್ವಿಂಟಲ್ ಎಂದು ಕಂಪ್ಯೂಟರಿಗೆ ಕಲಿಸುವುದಕ್ಕೆ ನೆಲದ ಮೇಲಿನ ಸತ್ಯ ಬೇಕು, ಆ ಸತ್ಯ ಬರುವುದು ಮತ್ತೆ ಅದೇ ಗೂಟ, ಅದೇ ಹಗ್ಗ, ಅದೇ ತಕ್ಕಡಿಯಿಂದ. ಕಟಾವಿನ ತೂಕದ ಅಗಲವೆಲ್ಲ ಉಪಗ್ರಹದ ಅಂದಾಜಿಗೂ ಇಳಿದು ಬರುತ್ತದೆ. ಅದರ ಚಾರ್ಟಿಗೂ ಗೆರೆ ಬೇಕು, ಅದರ ಉದ್ದ ಎಷ್ಟು ಎಂದು ಪಂಚಾಯಿತಿ ಕೇಳಬೇಕು.